ಮೂರು ಬಾಟಲಿಗಳ ಸರದಿ

ಬೆಳಿಗ್ಗೆ ಒಂಬತ್ತೂವರೆಗೆ ಚಿಕ್ಕಪ್ಪನ ಎಡಗೈಗೆ ಸೂಜಿ ಹಾಕಿದರು. ಸ್ಟ್ಯಾಂಡಿಗೆ ಮೊದಲು ನೇತುಹಾಕಿದ ಬಾಟಲಿಯಲ್ಲಿದ್ದ ಔಷಧ ನೀರಿನಷ್ಟೇ ತಿಳಿಯಾಗಿತ್ತು. ಅರ್ಧ ಗಂಟೆಯಲ್ಲಿ ಅದು ಖಾಲಿಯಾಯಿತು. ಆಮೇಲೆ ತುಸು ಹಳದಿ ಛಾಯೆಯ ಇನ್ನೊಂದು ಬಂತು, ಅದಕ್ಕೆ ಹತ್ತೇ ನಿಮಿಷ. ಕೊನೆಯದಕ್ಕೆ ಒಂದು ಗಂಟೆ ಹಿಡಿಯಿತು. ನಡುನಡುವೆ ಸಲೈನು, ವಾಂತಿ ತಡೆಯುವ ಇಂಜೆಕ್ಷನ್ನು. ಊಟದ ಹೊತ್ತಿಗೆ ಎಲ್ಲ ಮುಗಿದು, ನರ್ಸ್ ಹತ್ತಿ ಒತ್ತಿ ಬ್ಯಾಂಡೇಜು ಅಂಟಿಸಿದರು.

“ಮೂರರಲ್ಲಿ ದುಬಾರಿ ಯಾವ್ದೋ?” ಎಂದು ಚಿಕ್ಕಪ್ಪ ಕೇಳಿದರು.

“ಮೊದಲನೇದು, ಚಿಕ್ಕಪ್ಪ.”

“ಅದು ಅರ್ಧ ಗಂಟೇಲೇ ಮುಗಿದೋಯ್ತಲ್ಲೋ!”

ಚಿಕ್ಕಪ್ಪ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ಹಾಸನ–ಮಂಗಳೂರು ದಾರಿಯ ಶಿರಾಡಿ ಘಾಟಿಯಲ್ಲಿ ಇಪ್ಪತ್ತಾರು ವರ್ಷ ಬಸ್ಸು ಹತ್ತಿಸಿ ಇಳಿಸಿದ್ದಾರೆ. ರಾತ್ರಿ ಪಾಳಿಯಲ್ಲಿ ನಿದ್ದೆ ಬಾರದಿರಲೆಂದು ಹಿಡಿದ ಬೀಡಿ ನಿವೃತ್ತಿಯಾದ ಮೇಲೂ ಬಿಟ್ಟಿರಲಿಲ್ಲ. ಶ್ವಾಸಕೋಶದ ಕ್ಯಾನ್ಸರ್, ನಾಲ್ಕನೇ ಹಂತ, ಸೊಂಟದ ಮೂಳೆಗೂ ಹರಡಿದೆ ಎಂದು ತಿಳಿದಾಗ ಅವರಿಗೆ ಅರವತ್ತಾರು. ನಮ್ಮ ಕಡೆ ‘ಕಿದ್ವಾಯಿಗೆ ಬರೆದುಕೊಟ್ಟಿದ್ದಾರಂತೆ’ ಎಂದರೆ ಮುಂದೆ ಯಾರೂ ಏನೂ ಕೇಳುವುದಿಲ್ಲ. 1973ರಲ್ಲಿ ಆರಂಭವಾದ ಆ ಕ್ಯಾನ್ಸರ್ ಸಂಸ್ಥೆಯ ಹೆಸರೇ ಹಳ್ಳಿಗಳಲ್ಲಿ ರೋಗದ ಹೆಸರಾಗಿ ನಿಂತುಬಿಟ್ಟಿದೆ. ಹತ್ತು ಹದಿನೈದು ವರ್ಷಗಳ ಹಿಂದೆ ಈ ಹಂತದ ರೋಗಿಗೆ ಕೀಮೋ ಕೊಟ್ಟರೆ ಒಂದು ವರ್ಷದ ಆಸುಪಾಸು ಎಂದು ಡಾಕ್ಟರು ಹೇಳುತ್ತಿದ್ದರು. ಆ ಮಾತು ಈಗ ಬದಲಾಗಿದೆ. ಎಲ್ಲರ ಪಾಲಿಗೂ ಬದಲಾಗಿಲ್ಲ. ಎರಡನ್ನೂ ಆ ಮೂರು ಬಾಟಲಿಗಳನ್ನು ಹಿಡಿದುಕೊಂಡೇ ಹೇಳುತ್ತೇನೆ.

ಹಳದಿ ಛಾಯೆಯ ಎರಡನೇ ಬಾಟಲಿಯಲ್ಲಿದ್ದದ್ದು ಪೆಮೆಟ್ರೆಕ್ಸೆಡ್. ಅದರ ಕಥೆ ಚಿಟ್ಟೆಯ ರೆಕ್ಕೆಯಿಂದ ಶುರುವಾಗುತ್ತದೆ. ಬಿಳಿ, ಹಳದಿ ಚಿಟ್ಟೆಗಳ ರೆಕ್ಕೆಗೆ ಬಣ್ಣ ಕೊಡುವ ವಸ್ತುವಿನಲ್ಲಿ ಒಂದು ವಿಶಿಷ್ಟ ಜೋಡಿ ಉಂಗುರದ ರಚನೆ ಇದೆ. ಅದೇ ಉಂಗುರ ನಮ್ಮ ಮೈಗೆ ಬೇಕಾದ ಫೋಲಿಕ್ ಆಮ್ಲದಲ್ಲೂ ಇದೆ ಎಂಬುದನ್ನು 1940ರ ದಶಕದಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಎಡ್ವರ್ಡ್ ಟೇಲರ್ ಎಂಬ ವಿದ್ಯಾರ್ಥಿ ಗಮನಿಸಿದರು. ಚಿಟ್ಟೆಗೂ ಮನುಷ್ಯನಿಗೂ ಇದೆಂಥ ನಂಟು ಎಂಬ ಕುತೂಹಲ ಅವರನ್ನು ಬದುಕಿಡೀ ಬಿಡಲಿಲ್ಲ. ಮುಂದೆ ಪ್ರಿನ್ಸ್‌ಟನ್ನಿನಲ್ಲಿ ಪ್ರಾಧ್ಯಾಪಕರಾಗಿ, ಎಲಿ ಲಿಲ್ಲಿ ಕಂಪನಿಯ ಜೊತೆ ಸೇರಿ ಅವರು ರೂಪಿಸಿದ್ದೇ ಪೆಮೆಟ್ರೆಕ್ಸೆಡ್. 2004ರಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಫೋಲಿಕ್ ಆಮ್ಲದ ವೇಷ ಹಾಕಿಕೊಂಡು ಕೋಶದೊಳಗೆ ಹೋಗಿ, ಡಿಎನ್‌ಎ ಕಟ್ಟುವ ಕೆಲಸವನ್ನೇ ನಿಲ್ಲಿಸುವುದು ಈ ಔಷಧದ ರೀತಿ.

ಈ ವಂಶವೃಕ್ಷದ ಬುಡದಲ್ಲಿ ನಮ್ಮ ನೆರೆಯ ಆಂಧ್ರದವರೊಬ್ಬರಿದ್ದಾರೆ. ಭೀಮಾವರಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡವೇ ಲೆಡರ್ಲಿ ಪ್ರಯೋಗಾಲಯದಲ್ಲಿ ಫೋಲಿಕ್ ಆಮ್ಲವನ್ನು ತಯಾರಿಸಿತು, ಅದರ ವಿರೋಧಿ ಔಷಧಗಳನ್ನೂ ತಯಾರಿಸಿತು. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅವನ್ನೇ ರಕ್ತಕ್ಯಾನ್ಸರಿನ ಮಕ್ಕಳಿಗೆ ಕೊಟ್ಟು, ರೋಗ ಕೆಲಕಾಲ ಹಿಂಜರಿದದ್ದನ್ನು 1948ರಲ್ಲಿ ವರದಿ ಮಾಡಿದರು. ಚಿಕ್ಕಪ್ಪನಿಗೆ ಕೀಮೋಗೆ ಒಂದು ವಾರ ಮೊದಲೇ ಫೋಲಿಕ್ ಆಮ್ಲದ ಮಾತ್ರೆ, ಬಿ12 ಇಂಜೆಕ್ಷನ್ ಕೊಟ್ಟಿದ್ದರು. ಅವೆರಡು ಇಲ್ಲದಿದ್ದರೆ ಪೆಮೆಟ್ರೆಕ್ಸೆಡ್ ಒಳ್ಳೆಯ ಕೋಶಗಳನ್ನೂ ಕಾಡುತ್ತದೆ. ಆ ಮಾತ್ರೆಯನ್ನು ‘ಬರೀ ವಿಟಮಿನ್ನು’ ಎಂದು ಬಿಟ್ಟುಬಿಡುವವರಿದ್ದಾರೆ. ದಯವಿಟ್ಟು ಬಿಡಬೇಡಿ.

ಮೂರನೆಯದು ಕಾರ್ಬೊಪ್ಲಾಟಿನ್. ಇದು ಪ್ಲಾಟಿನಂ ಲೋಹದಿಂದಾದ ಔಷಧ. ಸಿಸ್‌ಪ್ಲಾಟಿನ್ ಎಂಬ ಅಣ್ಣನಿಗಿಂತ ಮೂತ್ರಪಿಂಡಕ್ಕೆ ಹಗುರ. ಮಿಷಿಗನ್ ರಾಜ್ಯ ವಿಶ್ವವಿದ್ಯಾಲಯದ ಬಾರ್ನೆಟ್ ರೋಸೆನ್‌ಬರ್ಗ್ ಬ್ಯಾಕ್ಟೀರಿಯಾ ತುಂಬಿದ ದ್ರಾವಣದಲ್ಲಿ ವಿದ್ಯುತ್ ಹರಿಸಿ ನೋಡುತ್ತಿದ್ದರು. ಬ್ಯಾಕ್ಟೀರಿಯಾಗಳು ಒಡೆದು ಎರಡಾಗುವ ಬದಲು ದಾರದಂತೆ ಉದ್ದಕ್ಕೆ ಬೆಳೆದವು. ತಡೆದದ್ದು ವಿದ್ಯುತ್ತಲ್ಲ, ವಿದ್ಯುದ್ವಾರದ ಪ್ಲಾಟಿನಂ ಕರಗಿ ಆದ ಸಂಯುಕ್ತ ಎಂದು ಗೊತ್ತಾಯಿತು. ಆ ವರದಿ ಬಂದದ್ದು 1965ರಲ್ಲಿ. 1978ರಲ್ಲಿ ಆ ಸಂಯುಕ್ತ, ಅಂದರೆ ಸಿಸ್‌ಪ್ಲಾಟಿನ್, ಆಸ್ಪತ್ರೆಯ ಔಷಧವಾಯಿತು.

ಇವೆರಡೂ ಒಡೆದು ಬೆಳೆಯುವ ಕೋಶವನ್ನು ಹುಡುಕಿ ಕೊಲ್ಲುತ್ತವೆ. ಗಡ್ಡೆ ಕುಗ್ಗುತ್ತದೆ, ಉಸಿರು ಹಗುರವಾಗುತ್ತದೆ, ಕೆಲವು ತಿಂಗಳು ಮನೆಯಲ್ಲಿ ನಗು ಮರಳುತ್ತದೆ. ಆಮೇಲೆ ಉಳಿದ ಕೋಶಗಳು ಔಷಧಕ್ಕೆ ಒಗ್ಗಿಕೊಂಡು ಮತ್ತೆ ಏಳುತ್ತವೆ. ಕೀಮೋ ದಶಕಗಳ ಕಾಲ ಬಂದು ನಿಂತದ್ದು ಇಲ್ಲಿಗೇ.

ಇನ್ನು ಮೊದಲನೇ ಬಾಟಲಿ, ಪೆಂಬ್ರೊಲಿಜುಮಾಬ್. ಇದು ಕ್ಯಾನ್ಸರ್ ಕೋಶವನ್ನು ಮುಟ್ಟಿ ಕೊಲ್ಲುವುದಿಲ್ಲ. ನಮ್ಮ ರಕ್ತದಲ್ಲಿ ಟಿ ಕೋಶಗಳೆಂಬ ಕಾವಲುಗಾರರಿದ್ದಾರೆ. ಅವು ಅತಿರೇಕಕ್ಕೆ ಹೋಗಿ ಸ್ವಂತ ಮೈಯನ್ನೇ ತಿನ್ನದಂತೆ ಅವುಗಳ ಮೇಲೆ ಪಿಡಿ-1 ಎಂಬ ತಡೆ ಇದೆ. ಕ್ಯೋಟೋ ವಿಶ್ವವಿದ್ಯಾಲಯದ ತಾಸುಕು ಹೊಂಜೊ ಅವರ ಪ್ರಯೋಗಾಲಯ ಇದನ್ನು 1992ರಲ್ಲಿ ಪತ್ತೆಹಚ್ಚಿತು. ಇದು ತಡೆ ಎಂದು ಸ್ಪಷ್ಟವಾದದ್ದು 1999ರಲ್ಲಿ: ಪಿಡಿ-1 ಇಲ್ಲದಂತೆ ಮಾಡಿದ ಇಲಿಗಳಲ್ಲಿ ರೋಗನಿರೋಧಕ ವ್ಯವಸ್ಥೆ ಸ್ವಂತ ಅಂಗಗಳ ಮೇಲೇ ತಿರುಗಿಬಿತ್ತು. ಅಮೆರಿಕದ ಜೇಮ್ಸ್ ಆಲಿಸನ್ ಇಂಥದ್ದೇ ಇನ್ನೊಂದು ತಡೆಯನ್ನು ತೆಗೆದು ಇಲಿಗಳ ಗಡ್ಡೆ ಕರಗಿಸಿದ್ದರು. ಇಬ್ಬರಿಗೂ 2018ರಲ್ಲಿ ನೊಬೆಲ್ ಬಂತು. ಎಷ್ಟೋ ಕ್ಯಾನ್ಸರ್ ಕೋಶಗಳು ತಮ್ಮ ಮೈಮೇಲೆ ಪಿಡಿ-ಎಲ್1 ಎಂಬ ಪ್ರೋಟೀನನ್ನು ಹೊರಚಾಚಿ, ಹತ್ತಿರ ಬಂದ ಟಿ ಕೋಶದ ಪಿಡಿ-1 ಅನ್ನು ಅದುಮಿ ಹಿಡಿಯುತ್ತವೆ. ಆಗ ಕಾವಲುಗಾರ ಎದುರಿಗೇ ನಿಂತಿದ್ದರೂ ಕೈಎತ್ತುವುದಿಲ್ಲ.

ಇದನ್ನೆಲ್ಲ ಹೇಳಿದಾಗ ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಅಂದ್ರೆ ಗಾಡಿ ನಮ್ದು, ಬ್ರೇಕ್ ಮೇಲೆ ಕಾಲು ಅವನ್ದು. ಈ ಔಷಧಿ ಕಾಲಿಗೂ ಪೆಡಲಿಗೂ ನಡುವೆ ಮರದ ತುಂಡು ಇಟ್ಟಂಗೆ,” ಎಂದರು. ಇದಕ್ಕಿಂತ ಚೆನ್ನಾಗಿ ವಿವರಿಸಿದ್ದನ್ನು ನಾನು ಎಲ್ಲೂ ಓದಿಲ್ಲ. ಪೆಂಬ್ರೊಲಿಜುಮಾಬ್ ಪಿಡಿ-1ಕ್ಕೆ ಅಂಟಿಕೊಂಡು ಕೂರುತ್ತದೆ. ಕ್ಯಾನ್ಸರಿನ ಕಾಲು ಪೆಡಲಿಗೆ ತಾಗುವುದಿಲ್ಲ.

ಹಾಗಾದರೆ ಅದೊಂದನ್ನೇ ಕೊಡಬಾರದೇಕೆ? ಕೊಟ್ಟು ನೋಡಿದರು. ಕ್ಯಾನ್ಸರ್ ಕೋಶಗಳಲ್ಲಿ ಅರ್ಧಕ್ಕರ್ಧ ಅಥವಾ ಅದಕ್ಕಿಂತ ಹೆಚ್ಚು ಪಿಡಿ-ಎಲ್1 ಹೊತ್ತಿರುವ ರೋಗಿಗಳಲ್ಲಿ ಹೀಗೆ ತಡೆ ತೆಗೆಯುವ ಚಿಕಿತ್ಸೆ, ಅಂದರೆ ಇಮ್ಯುನೋಥೆರಪಿ, ಒಂಟಿಯಾಗಿಯೇ ಕೀಮೋವನ್ನು ಸೋಲಿಸಿತು. ಆ ಅಧ್ಯಯನದಲ್ಲಿ ಐದು ವರ್ಷದ ನಂತರ ಬದುಕಿದ್ದವರು ಶೇ 31.9; ಕೀಮೋದಿಂದ ಶುರುಮಾಡಿದವರಲ್ಲಿ ಶೇ 16.3. ಆದರೆ ಉಳಿದವರ ವಿಷಯ ಬೇರೆ. 2015ರಲ್ಲಿ ನಿವೊಲುಮಾಬ್ ಎಂಬ ಸೋದರ ಔಷಧವನ್ನು ಕೀಮೋಗೆ ಹೋಲಿಸಿದ ಅಧ್ಯಯನದಲ್ಲಿ, ಮೊದಲ ಮೂರು ತಿಂಗಳಲ್ಲಿ ಇಮ್ಯುನೋಥೆರಪಿಯ ಗುಂಪಿನಲ್ಲೇ ಹೆಚ್ಚು ಸಾವು ಕಂಡವು. ಆಮೇಲಷ್ಟೇ ಬದುಕುಳಿದವರನ್ನು ತೋರಿಸುವ ಗ್ರಾಫಿನ ಗೆರೆಗಳು ಅದಲುಬದಲಾದವು. ತಡೆ ತೆಗೆದರೂ ಸೈನ್ಯ ಕಟ್ಟಿಕೊಳ್ಳಲು ವಾರಗಳು ಬೇಕು. ಭರದಿಂದ ಬೆಳೆಯುವ ಗಡ್ಡೆ ಅಷ್ಟು ವಾರ ಕಾಯುವುದಿಲ್ಲ.

ಜೊತೆಗೆ ಕೀಮೋ ಕೊಡೋಣವೆಂದರೆ ಅಲ್ಲೊಂದು ಗಟ್ಟಿ ಅನುಮಾನವಿತ್ತು. ಕೀಮೋ ಬಿಳಿ ರಕ್ತಕಣಗಳನ್ನು ಇಳಿಸುತ್ತದೆ. ಪೆಮೆಟ್ರೆಕ್ಸೆಡ್ ಕೊಡುವಾಗ ಮೈಮೇಲೆ ದದ್ದು ಏಳದಂತೆ ಮೂರು ದಿನ ಸ್ಟೀರಾಯ್ಡ್ ಕೊಡುತ್ತಾರೆ. ಅದೂ ರೋಗನಿರೋಧಕ ಶಕ್ತಿಯನ್ನು ಅದುಮುವ ಔಷಧವೇ. ಯಾವ ಕಾವಲುಗಾರರನ್ನು ಎಬ್ಬಿಸಬೇಕೋ ಅವರನ್ನೇ ಕೊಂದರೆ ಪ್ರಯೋಜನವೇನು? ತಜ್ಞರಲ್ಲಿ ಬಹಳ ಮಂದಿ ಹೀಗೆಯೇ ಯೋಚಿಸಿದರು, ಯೋಚಿಸಿದ್ದರಲ್ಲಿ ತಪ್ಪೂ ಇರಲಿಲ್ಲ.

ಉತ್ತರ ಸಿಕ್ಕಿದ್ದು ರೋಗಿಗಳಿಂದ. 2016ರಲ್ಲಿ 123 ಜನರ ಸಣ್ಣ ಅಧ್ಯಯನವೊಂದರಲ್ಲಿ ಕೀಮೋ ಒಂದೇ ಪಡೆದವರಲ್ಲಿ ಶೇ 29ರಷ್ಟು ಜನರ ಗಡ್ಡೆ ಗಣನೀಯವಾಗಿ ಕುಗ್ಗಿದರೆ, ಪೆಂಬ್ರೊಲಿಜುಮಾಬ್ ಕೂಡಿಸಿದವರಲ್ಲಿ ಶೇ 55ರಷ್ಟು ಜನರಿಗೆ ಕುಗ್ಗಿತು. ಮುಂದಿನದು ದೊಡ್ಡ ಅಧ್ಯಯನ, ಕೀನೋಟ್-189. 616 ರೋಗಿಗಳು. ಎಲ್ಲರಿಗೂ ಪೆಮೆಟ್ರೆಕ್ಸೆಡ್ ಮತ್ತು ಪ್ಲಾಟಿನಂ. ಮೂವರಲ್ಲಿ ಇಬ್ಬರಿಗೆ ಪೆಂಬ್ರೊಲಿಜುಮಾಬ್, ಮೂರನೆಯವರಿಗೆ ಬರೀ ಸಲೈನು. ಯಾರಿಗೆ ಯಾವುದು ಎಂದು ಡಾಕ್ಟರಿಗೂ ಗೊತ್ತಿಲ್ಲ, ರೋಗಿಗೂ ಗೊತ್ತಿಲ್ಲ. ಲೀನಾ ಗಾಂಧಿ ಎಂಬ ಭಾರತೀಯ ಹೆಸರಿನ ಅಮೆರಿಕದ ವೈದ್ಯೆ 2018ರ ಏಪ್ರಿಲ್‌ನಲ್ಲಿ ಷಿಕಾಗೋದಲ್ಲಿ ಫಲಿತಾಂಶ ಮಂಡಿಸಿದರು. ಒಂದು ವರ್ಷದ ಹೊತ್ತಿಗೆ ಬದುಕಿದ್ದವರು ಕೀಮೋ ಗುಂಪಿನಲ್ಲಿ ಶೇ 49.4, ಜಂಟಿ ಚಿಕಿತ್ಸೆಯಲ್ಲಿ ಶೇ 69.2. ಈ ಸಲ ಗೆರೆಗಳು ಅದಲುಬದಲಾಗಲಿಲ್ಲ. ಮೊದಲ ತಿಂಗಳುಗಳಿಂದಲೇ ಬೇರ್ಪಟ್ಟವು. ಪಿಡಿ-ಎಲ್1 ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಇದ್ದವರಿಗೂ ಲಾಭವಾಗಿತ್ತು. ತೀವ್ರ ಅಡ್ಡಪರಿಣಾಮಗಳು ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಸಮ, ಮೂವರಲ್ಲಿ ಇಬ್ಬರಿಗೆ.

ಐದು ವರ್ಷದ ಲೆಕ್ಕ ಬಂದಾಗ ಉತ್ಸಾಹ ಅಳತೆಗೆ ಬಂತು. ಬದುಕಿದ್ದವರು ಶೇ 11.3ರ ಎದುರು ಶೇ 19.4. ಅಂದರೆ ನೂರರಲ್ಲಿ ಎಂಬತ್ತು ಜನ ಐದು ವರ್ಷ ಕಾಣಲಿಲ್ಲ. ಇದನ್ನು ‘ಪವಾಡ’ ಎಂದು ಜಾಹೀರಾತು ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಇದರಲ್ಲೇನಿದೆ ಎಂದು ತಳ್ಳಿಹಾಕುವವರನ್ನು ಕಂಡರೂ ಅಷ್ಟೇ ಸಿಟ್ಟು. ಮೂವತ್ತೈದು ಸುತ್ತು, ಅಂದರೆ ಸುಮಾರು ಎರಡು ವರ್ಷ ಇಮ್ಯುನೋಥೆರಪಿ ಪೂರ್ತಿ ಮುಗಿಸಿದವರು 57 ಮಂದಿ ಇದ್ದರು; ಮುಗಿಸಿ ಮೂರು ವರ್ಷವಾದರೂ ಅವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಜನ ಬದುಕಿದ್ದರು. ನಾಲ್ಕನೇ ಹಂತದ ಶ್ವಾಸಕೋಶ ಕ್ಯಾನ್ಸರಿನಲ್ಲಿ ಹಿಂದಿನ ತಲೆಮಾರಿನ ಡಾಕ್ಟರು ಇಂಥ ಗುಂಪೊಂದನ್ನು ಕಂಡೇ ಇರಲಿಲ್ಲ.

ಎರಡು ಸೇರಿದರೆ ಯಾಕೆ ಕೆಲಸ ಮಾಡುತ್ತದೆ ಎಂಬುದರ ಬಗ್ಗೆ ಎರಡು ವಾದಗಳಿವೆ. ಮೊದಲನೆಯದು ಪ್ಯಾರಿಸ್ ಬಳಿಯ ಗುಸ್ತಾವ್ ರೂಸಿ ಸಂಸ್ಥೆಯ ಲಾರೆನ್ಸ್ ಜಿಟ್ವೋಗೆಲ್ ಮತ್ತು ಗಿಡೋ ಕ್ರೋಮರ್ ವರ್ಷಗಟ್ಟಲೆ ಬೆಳೆಸಿದ್ದು. ಕೋಶ ಸಾಯುವ ರೀತಿ ಒಂದೇ ಅಲ್ಲ, ಎನ್ನುತ್ತಾರೆ ಅವರು. ಕೆಲವು ಸದ್ದಿಲ್ಲದೆ ಸಾಯುತ್ತವೆ. ಕೆಲವು ಕೀಮೋ ಔಷಧಗಳಿಂದ ಸಾಯುವ ಕೋಶ ಮಾತ್ರ ಸಾಯುವಾಗ ಕೂಗಿಕೊಳ್ಳುತ್ತದೆ: ಒಳಗಿರಬೇಕಾದ ಪ್ರೋಟೀನುಗಳು ಹೊರಮೈಗೆ ಬರುತ್ತವೆ, ಅಪಾಯದ ಸಂಕೇತಗಳು ಸುತ್ತ ಹರಡುತ್ತವೆ. ಅದನ್ನು ಕೇಳಿ ಬಂದ ರೋಗನಿರೋಧಕ ಕೋಶಗಳು ಸತ್ತ ಕೋಶದ ಚೂರುಗಳನ್ನು ಆಯ್ದು, ಶತ್ರುವಿನ ಗುರುತು ಇದು ಎಂದು ಟಿ ಕೋಶಗಳಿಗೆ ತೋರಿಸುತ್ತವೆ. ಆ ಹೊತ್ತಿಗೆ ಬ್ರೇಕ್ ಬಿಟ್ಟಿದ್ದರೆ ದಾಳಿ ಜೋರಾಗುತ್ತದೆ.

ಎರಡನೇ ವಾದ ಹಾರ್ವರ್ಡ್‌ನಲ್ಲಿದ್ದ ಆಡಂ ಪಾಮರ್ ಮತ್ತು ಪೀಟರ್ ಸೋರ್ಗರ್ ಅವರದು, 2017ರಲ್ಲಿ ಬಂದದ್ದು. ಔಷಧಗಳು ಒಂದಕ್ಕೊಂದು ಬಲ ತುಂಬುತ್ತವೆ ಎಂದು ಭಾವಿಸಲೇಬೇಕಿಲ್ಲ, ಎಂದರು ಅವರು. ಒಬ್ಬ ರೋಗಿಗೆ ಕೀಮೋ ಹಿಡಿಸುತ್ತದೆ, ಇನ್ನೊಬ್ಬನಿಗೆ ಇಮ್ಯುನೋಥೆರಪಿ. ಯಾರಿಗೆ ಯಾವುದು ಎಂದು ಮೊದಲೇ ಗೊತ್ತಿಲ್ಲ. ಎರಡನ್ನೂ ಕೊಟ್ಟರೆ ಪ್ರತಿಯೊಬ್ಬನಿಗೂ ತನಗೆ ಹಿಡಿಸುವುದು ಸಿಗುವ ಅವಕಾಶ ಹೆಚ್ಚು, ಅಷ್ಟೇ. ಅನೇಕ ಜಂಟಿ ಚಿಕಿತ್ಸೆಗಳ ಲಾಭವನ್ನು ಈ ಸರಳ ಲೆಕ್ಕವೇ ವಿವರಿಸುತ್ತದೆಂದು ಅವರು ತೋರಿಸಿದರು.

ಮೊದಲ ವಾದ ಕೇಳಲು ಸೊಗಸು. ಆದರೆ ನನ್ನ ಮನಸ್ಸು ಎರಡನೆಯದರ ಕಡೆಗೇ ವಾಲುತ್ತದೆ, ಏಕೆಂದರೆ ಅದು ಆಸ್ಪತ್ರೆಯ ಬೆಂಚಿನ ಮೇಲೆ ಕೂತವರಿಗೆ ಹತ್ತಿರವಾದ ಪ್ರಶ್ನೆ ಕೇಳುತ್ತದೆ: ಈ ರೋಗಿಗೆ ಯಾವುದು ಹಿಡಿಸುತ್ತದೆಂದು ಮೊದಲೇ ತಿಳಿಯುವುದು ಹೇಗೆ?

ಅದಕ್ಕೆ ಉತ್ತರದ ಒಂದು ಭಾಗವನ್ನು ಅದೇ ದಿನ ಅಲ್ಲೇ ಕಂಡೆ. ಪಕ್ಕದ ಕುರ್ಚಿಯಲ್ಲಿ ಚನ್ನರಾಯಪಟ್ಟಣ ಕಡೆಯ ಒಬ್ಬ ತಾಯಿ ಮೂಳೆ ಗಟ್ಟಿಯಾಗುವ ಡ್ರಿಪ್ ಹಾಕಿಸಿಕೊಳ್ಳುತ್ತಿದ್ದರು. ಅವರದೂ ಶ್ವಾಸಕೋಶದ ಕ್ಯಾನ್ಸರೇ, ಅವರದೂ ನಾಲ್ಕನೇ ಹಂತವೇ. ಜೀವನದಲ್ಲಿ ಬೀಡಿ ಮುಟ್ಟಿದವರಲ್ಲ. ಅವರಿಗೆ ಈ ಮೂರು ಬಾಟಲಿಗಳಲ್ಲಿ ಒಂದೂ ಇರಲಿಲ್ಲ, ದಿನಕ್ಕೊಂದು ಮಾತ್ರೆ ಮಾತ್ರ. ಅವರ ಗಡ್ಡೆಯಲ್ಲಿ ಇಜಿಎಫ್‌ಆರ್ ಎಂಬ ಜೀನಿನ ಬದಲಾವಣೆ ಇತ್ತು. ಭಾರತದಲ್ಲಿ ಈ ಬಗೆಯ ಶ್ವಾಸಕೋಶ ಕ್ಯಾನ್ಸರಿನ ರೋಗಿಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಈ ಬದಲಾವಣೆ ಇರುತ್ತದೆ. ಪಾಶ್ಚಾತ್ಯ ದೇಶಗಳಿಗಿಂತ ಹೆಚ್ಚು. ಇವರಿಗೆ ಇಮ್ಯುನೋಥೆರಪಿ ಅಷ್ಟಾಗಿ ಹಿಡಿಸುವುದಿಲ್ಲ. ಮಾತ್ರೆಗೆ ಬಗ್ಗದ ಹಂತದಲ್ಲಿ ಕೀಮೋ ಜೊತೆ ಪೆಂಬ್ರೊಲಿಜುಮಾಬ್ ಕೂಡಿಸಿ ನೋಡಿದ ಅಧ್ಯಯನವೂ 2023ರಲ್ಲಿ ಗಮನಾರ್ಹ ಲಾಭ ತೋರಲಿಲ್ಲ. ಮೊದಲು ಇಮ್ಯುನೋಥೆರಪಿ ಕೊಟ್ಟು, ಅದರ ಬೆನ್ನಿಗೇ ಆಸಿಮೆರ್ಟಿನಿಬ್ ಮಾತ್ರೆ ಕೊಟ್ಟರೆ ಶ್ವಾಸಕೋಶದಲ್ಲಿ ತೀವ್ರ ಉರಿಯೂತವಾಗುವ ಅಪಾಯವೂ ಇದೆ. ಇಂಥವರಿಗೆ ಬೇರೆ ಜೋಡಿ ಬೇಕು. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವನಿತಾ ನೊರೊನ್ಹಾ, ಕುಮಾರ್ ಪ್ರಭಾಶ್ ಅವರ ತಂಡ 350 ಇಜಿಎಫ್‌ಆರ್ ರೋಗಿಗಳಲ್ಲಿ ಗೆಫಿಟಿನಿಬ್ ಮಾತ್ರೆಗೆ ಇದೇ ಪೆಮೆಟ್ರೆಕ್ಸೆಡ್–ಕಾರ್ಬೊಪ್ಲಾಟಿನ್ ಕೂಡಿಸಿತು. ರೋಗ ಮುಂದುವರಿಯದೆ ನಿಂತ ಅವಧಿ 8 ತಿಂಗಳಿಂದ 16 ತಿಂಗಳಿಗೆ ಏರಿತು. ನಮ್ಮ ರೋಗಿಗಳಿಗಾಗಿ ನಮ್ಮವರೇ ಕಂಡುಕೊಂಡ ಉತ್ತರ ಅದು.

ಆದ್ದರಿಂದ ಮೊದಲ ಬಾಟಲಿ ಏರಿಸುವ ಮುನ್ನ ಇಂಥ ಜೀನ್ ಬದಲಾವಣೆಯ ಪರೀಕ್ಷೆಯ ವರದಿ ಬರಬೇಕು. ಬರಲು ಒಂದೆರಡು ವಾರವಾಗುತ್ತದೆ. ಆ ದಿನಗಳನ್ನು ಕಾಯುವುದು ಮನೆಯವರಿಗೆ ನರಕ, ನನಗೆ ಗೊತ್ತು. ರೋಗಿ ತೀರಾ ಬಳಲಿದ್ದರೆ ಮೊದಲ ಸುತ್ತಿಗೆ ಕೀಮೋ ಮಾತ್ರ ಕೊಟ್ಟು, ವರದಿ ನೋಡಿಕೊಂಡು ಎರಡನೇ ಸುತ್ತಿಗೆ ಇಮ್ಯುನೋಥೆರಪಿ ಸೇರಿಸುವ ದಾರಿಯೂ ಇದೆ. ಚಿಕ್ಕಪ್ಪನಿಗೆ ಕಾಯಲು ಸಮಯವಿತ್ತು. ಹಾಗೆ ನೋಡಿದರೆ ಸಮಯ ಕಳೆದುಹೋದದ್ದು ಅದಕ್ಕೂ ಮೊದಲು. ಕೆಮ್ಮು ಶುರುವಾದಾಗ ಊರ ಹತ್ತಿರದ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇಯಲ್ಲಿ ಕಂಡ ಮಚ್ಚೆಯನ್ನು ಕ್ಷಯವೆಂದುಕೊಂಡು, ಕಫದಲ್ಲಿ ಟಿಬಿ ಕಾಣದಿದ್ದರೂ ನಾಲ್ಕು ತಿಂಗಳು ಟಿಬಿ ಮಾತ್ರೆ ನುಂಗಿಸಿದರು. ಕ್ಷಯ ಇಷ್ಟು ಸಾಮಾನ್ಯವಾಗಿರುವ ನಾಡಿನಲ್ಲಿ ಅದು ಡಾಕ್ಟರ ಮನಸ್ಸಿಗೆ ಮೊದಲು ಬರುವುದು ಸಹಜ. ಆದರೆ ಒಂದೆರಡು ತಿಂಗಳಾದರೂ ಮಚ್ಚೆ ಕರಗದಿದ್ದಾಗ ಸಿಟಿ ಸ್ಕ್ಯಾನ್ ಮಾಡಿಸಬೇಕಿತ್ತು, ಬಯಾಪ್ಸಿ ಮಾಡಿಸಬೇಕಿತ್ತು. ಸೊಂಟದ ನೋವು ಶುರುವಾದದ್ದು ಆ ನಾಲ್ಕು ತಿಂಗಳಲ್ಲಿ.

ಅಡ್ಡಪರಿಣಾಮದ ಬಗ್ಗೆ ಒಂದು ಮಾತು. ಕೀಮೋದ ವಾಂತಿ, ಸುಸ್ತು ಎಲ್ಲರಿಗೂ ಗೊತ್ತು. ಬ್ರೇಕ್ ತೆಗೆದ ಗಾಡಿಯ ತೊಂದರೆ ಬೇರೆ ತರಹದ್ದು: ಥೈರಾಯ್ಡ್ ಕೆಡಬಹುದು, ಕರುಳಿನ ಉರಿಯೂತದಿಂದ ಭೇದಿ ನಿಲ್ಲದಿರಬಹುದು, ಶ್ವಾಸಕೋಶವೇ ಊದಿಕೊಳ್ಳಬಹುದು, ಅಪರೂಪಕ್ಕೆ ಹೃದಯದ ಸ್ನಾಯುವಿಗೂ ಪೆಟ್ಟು ಬೀಳಬಹುದು. ಔಷಧ ನಿಲ್ಲಿಸಿ ತಿಂಗಳುಗಳಾದ ಮೇಲೂ ಕಾಣಿಸಿಕೊಳ್ಳಬಹುದು. ಐದನೇ ಸುತ್ತಿನ ನಂತರ ಒಂದು ರಾತ್ರಿ ಚಿಕ್ಕಪ್ಪನಿಗೆ ಒಣಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು. ಚಿಕ್ಕಮ್ಮ ಶುಂಠಿ ಕಷಾಯ ಮಾಡಿಕೊಟ್ಟು ಬೆಳಗಾಗಲಿ ಎಂದುಕೊಂಡಿದ್ದರು. ಡಾಕ್ಟರು ಬರೆದುಕೊಟ್ಟಿದ್ದ ನಂಬರಿಗೆ ನಾನು ಆಗಲೇ ಫೋನ್ ಮಾಡಿದೆ. ಕೂಡಲೇ ಕರೆದುಕೊಂಡು ಬನ್ನಿ ಎಂದರು. ಸ್ಕ್ಯಾನಿನಲ್ಲಿ ಸಣ್ಣ ಉರಿಯೂತವಿತ್ತು. ಸ್ಟೀರಾಯ್ಡ್ ಕೊಟ್ಟು, ಎರಡು ಸುತ್ತು ಮುಂದೂಡಿದರು, ಇಳಿಯಿತು. ನಾಲ್ಕು ದಿನ ಕಾದಿದ್ದರೆ ಏನಾಗುತ್ತಿತ್ತೋ. ಇಂಥ ರೋಗಿಯನ್ನು ಬೇರೆ ಯಾವ ಡಾಕ್ಟರ ಬಳಿ ಕರೆದೊಯ್ದರೂ ‘ಇವರಿಗೆ ಇಮ್ಯುನೋಥೆರಪಿ ನಡೆಯುತ್ತಿದೆ’ ಎಂದು ಮೊದಲ ವಾಕ್ಯದಲ್ಲೇ ಹೇಳಬೇಕು.

ಇನ್ನು ದುಡ್ಡು. ಕೀಮೋದ ಎರಡೂ ಔಷಧಗಳನ್ನು ನಮ್ಮ ದೇಶದ ಕಂಪನಿಗಳೇ ತಯಾರಿಸುತ್ತವೆ, ಹೇಗೋ ಹೊಂದಿಸಬಹುದು. ಮೊದಲ ಬಾಟಲಿಯದು ಲಕ್ಷಗಳ ಮಾತು, ಮೂರು ವಾರಕ್ಕೊಮ್ಮೆ, ಎರಡು ವರ್ಷ. ಕೇಂದ್ರ ಸರ್ಕಾರ 2023ರಲ್ಲಿ ಪೆಂಬ್ರೊಲಿಜುಮಾಬ್ ಮೇಲಿನ, 2024ರ ಬಜೆಟ್ಟಿನಲ್ಲಿ ಡುರ್ವಲುಮಾಬ್ ಸೇರಿ ಮೂರು ಔಷಧಗಳ ಮೇಲಿನ ಆಮದು ಸುಂಕ ತೆಗೆದುಹಾಕಿತು. ಒಳ್ಳೆಯದೇ, ಆದರೆ ಸಾಲದು. ನಮ್ಮ ಮನೆಯಲ್ಲಿ ಚಿಕ್ಕಪ್ಪನ ನಿವೃತ್ತಿಯ ಹಣ, ಮಗಳ ಬ್ಯಾಂಕ್ ಸಾಲ, ಅರ್ಧ ಎಕರೆ ತೆಂಗಿನ ತೋಟ ಎಲ್ಲ ಸೇರಿ ಇದು ನಡೆಯುತ್ತಿದೆ. ತೋಟವಿಲ್ಲದವರ ಗತಿ?

ನನಗೆ ಹೆಚ್ಚು ಭರವಸೆ ಕೊಟ್ಟದ್ದು ಮತ್ತೆ ಮುಂಬೈನ ಕೆಲಸವೇ. ವಿಜಯ್ ಪಾಟೀಲ್ ಮತ್ತು ಸಂಗಡಿಗರು ತಲೆ-ಕತ್ತಿನ ಕ್ಯಾನ್ಸರಿನ 151 ರೋಗಿಗಳಲ್ಲಿ, ಅಗ್ಗದ ಮೂರು ಮಾತ್ರೆಗಳ ಜೊತೆ ನಿವೊಲುಮಾಬನ್ನು ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ಕೊಟ್ಟು ನೋಡಿದರು. ರೂಢಿಯ ಪ್ರಮಾಣ ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ. ಒಂದು ವರ್ಷ ಬದುಕಿದವರು ಶೇ 16.3ರಿಂದ ಶೇ 43.4ಕ್ಕೆ ಏರಿದರು. ಟಿ ಕೋಶದ ಪಿಡಿ-1 ಪೆಡಲುಗಳನ್ನು ಮುಚ್ಚಲು ಔಷಧ ಸ್ವಲ್ಪವೇ ಸಾಕು ಎಂಬುದು ಇದರ ಹಿಂದಿನ ತರ್ಕ. ಇದು ಶ್ವಾಸಕೋಶದ ಕ್ಯಾನ್ಸರಿನ ಅಧ್ಯಯನವಲ್ಲ, ಹಾಗಾಗಿ ಯಾರೂ ತಾವಾಗಿಯೇ ಡೋಸ್ ಇಳಿಸಿ ಎಂದು ಡಾಕ್ಟರಿಗೆ ಒತ್ತಾಯ ಮಾಡುವುದು ಸರಿಯಲ್ಲ. ಆದರೆ ಎಷ್ಟು ಕೊಟ್ಟರೆ ಸಾಕು ಎಂದು ಹುಡುಕುವ ಕೆಲಸವನ್ನು ಔಷಧ ಮಾರುವವರು ಮಾಡಲಾರರು. ಅದಕ್ಕೆ ನಮ್ಮ ಸರ್ಕಾರಗಳೇ ಹಣ ಕೊಡಬೇಕು, ನಮ್ಮ ಆಸ್ಪತ್ರೆಗಳೇ ಮಾಡಬೇಕು.

ನಾಲ್ಕು ಸುತ್ತಾದ ಮೇಲೆ ಚಿಕ್ಕಪ್ಪನ ಮೂರನೇ ಬಾಟಲಿ ನಿಂತಿತು, ಪದ್ಧತಿಯೇ ಹಾಗೆ. ಮೊನ್ನೆ ಹದಿಮೂರನೇ ಸುತ್ತು ಮುಗಿಯಿತು. ಎಡ ಶ್ವಾಸಕೋಶದಲ್ಲಿ ನಿಂಬೆಹಣ್ಣಿನಷ್ಟಿದ್ದದ್ದು ಈಗ ಸ್ಕ್ಯಾನಿನಲ್ಲಿ ಒಂದು ಗೀಟಿನಂತೆ ಕಾಣುತ್ತದೆ. ಬೀಡಿ ಬಿಟ್ಟಿದ್ದಾರೆ. ಮುಂದಿನ ಸ್ಕ್ಯಾನ್ ಏನು ಹೇಳುತ್ತದೋ ಯಾರಿಗೂ ತಿಳಿಯದು.

ಓದುಗರಲ್ಲಿ ಯಾರ ಮನೆಯಲ್ಲಾದರೂ ಈಗಷ್ಟೇ ಇಂಥ ಸುದ್ದಿ ಬಂದಿದ್ದರೆ ಒಂದು ಮಾತು. ಬಯಾಪ್ಸಿಯಲ್ಲಿ ತೆಗೆದ ಚೂರನ್ನು ಮೇಣದಲ್ಲಿ ಹುದುಗಿಸಿ ಲ್ಯಾಬಿನಲ್ಲಿ ಇಟ್ಟಿರುತ್ತಾರೆ. ಅದಕ್ಕೆ ‘ಬ್ಲಾಕ್’ ಎನ್ನುತ್ತಾರೆ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಇಜಿಎಫ್‌ಆರ್, ಎಎಲ್‌ಕೆ ಜೀನುಗಳ ಮತ್ತು ಪಿಡಿ-ಎಲ್1 ಪರೀಕ್ಷೆಗಳೆಲ್ಲ ಸಾಮಾನ್ಯವಾಗಿ ಆಗುವುದು ಅದರಿಂದಲೇ. ಕೇಳಿದರೆ ಕೊಡುತ್ತಾರೆ, ಸಹಿ ಮಾಡಿ ತೆಗೆದುಕೊಳ್ಳಬಹುದು. ಚಿಕ್ಕಪ್ಪನ ಬ್ಲಾಕನ್ನು ನಾನು ಹಾಸನದಿಂದ ಬೆಂಗಳೂರಿಗೆ ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಸ್ಸಿನಲ್ಲೇ ತಂದೆ. ನಿಮ್ಮವರ ಬ್ಲಾಕ್ ಎಲ್ಲಿದೆ ಎಂದು ಇವತ್ತೇ ಕೇಳಿ ತಿಳಿದುಕೊಳ್ಳಿ.